ಬೀಗರ ಗಲ್ಲದ ಮೇಲಿನ ಚುಕ್ಕೆ

ರಾಜ್ಯ ಹೋಗಿ ಎಷ್ಟೋ ಕಾಲವಾಯಿತು, ಹುಕ್ಕೇರಿ ಕಡೆಯ ಆ ವಾಡೆಯವರ ದೊರೆತನ ಮಾತ್ರ ಹೋಗಿಲ್ಲ. ಊರೆದುರು ಮಗನಿಗೆ ಪಟ್ಟದ ರುಮಾಲು ಸುತ್ತಿಸಿದರು. ಆ ಸಮಾರಂಭದ ದೊಡ್ಡ ಚಿತ್ರ ಬೇಕೆಂದು ಗೋಕಾಕಿನ ನಮ್ಮ ಮನೆಗೆ ಬಂದರು. ಅಪ್ಪ ಕಟ್ಟಿಗೆಯ ಹಣ್ಣು, ಗೊಂಬೆಗಳಿಗೆ ಬಣ್ಣ ಹಾಕುತ್ತಲೇ ಮುದುಕರಾದವರು. ನಮ್ಮಲ್ಲಿ ಕಣ್ಣು ಬರೆಯುವುದಕ್ಕೆ ಕಣ್ಣು ತೆರೆಯುವುದು ಅನ್ನುತ್ತೇವೆ; ಅದು ಕೊನೆಯ ಕೆಲಸ, ಹಿರಿಯರ ಕೆಲಸ.

"ಚಿತ್ರ ಮಗ ಬರೀಲಿ, ಕಣ್ಣ ಅಜ್ಜಾರ ತೆರೀಬೇಕ್ರಿ" ಎಂದರು ದೊರೆಗಳು. ಅಪ್ಪನ ಮುಖ ಅರಳಿತು. ಅವರ ಕಣ್ಣಿನ ನರ ಒಣಗುತ್ತಿದೆ, ನೋಟ ಹೆಚ್ಚು ದಿನ ಉಳಿಯದು ಎಂದು ಡಾಕ್ಟರು ಆಗಷ್ಟೇ ಹೇಳಿದ್ದರು. ಇದೊಂದು ಅವರ ಕೈಯಿಂದ ಆಗಲೆಂದು ನಾನು ಬೇರೆಲ್ಲ ಕೆಲಸ ಬಿಟ್ಟು ಕೂತೆ.

ಕಣ್ಣೊಂದು ಬಿಟ್ಟು ಉಳಿದದ್ದನ್ನೆಲ್ಲ ಮೂರೇ ತಿಂಗಳಲ್ಲಿ ಬರೆದೆ. ಆದರೆ ಮುಗಿಯಲು ಬಿಟ್ಟರೆ ತಾನೆ! ವಾರಕ್ಕೊಮ್ಮೆ ದೊರೆಗಳ ಸವಾರಿ, ಕೈಯಲ್ಲಿ ಮೊಬೈಲು, ಅದರಲ್ಲೊಂದು ಹೊಸ ಮುಖ. ಅವರ ಘೋಡಗೇರಿಯ ಕಾಕಾ ಸಮಾರಂಭಕ್ಕೆ ಬಂದೇ ಇರಲಿಲ್ಲ, ಆದರೂ ಮುಂದಿನ ಸಾಲಿಗೆ ಬೇಕು. ತೀರಿಹೋದ ಅಜ್ಜಿಗೂ ಕುರ್ಚಿ ಹಾಕಿದೆ. ಮೂಡಲಗಿಯ ಬೀಗರನ್ನಂತೂ ಎಡಕ್ಕೆ, ಬಲಕ್ಕೆ, ಮತ್ತೆ ಎಡಕ್ಕೆ ಸರಿಸಿದ್ದೇ ಸರಿಸಿದ್ದು.

"ಬೀಗರು ಸಿಟ್ಟಾಗ್ತಾರ್ರಿ, ಇನ್ನಷ್ಟು ಮುಂದ ತರ್ರಿ."

ಅಪ್ಪನದು ಬೇರೆಯೇ ಹಟ. ಕಣ್ಣು ತೆರೆದ ಮುಖವನ್ನು ಅಳಿಸಬಾರದು, ಹಾಗಾಗಿ ಎಲ್ಲರೂ ಬಂದು ನಿಲ್ಲುವ ತನಕ ಕುಂಚ ಮುಟ್ಟುವುದಿಲ್ಲ. "ಅಪ್ಪಾ, ಅರ್ಧ ಮಂದೀದರ ಈಗ ತೆರೀರಿ" ಎಂದು ಗೋಗರೆದೆ.

"ಅಳಸೂ ಮುಖಕ್ಕ ಕಣ್ಣ ಯಾಕೋ?" ಎಂದರು.

ಇವರಿಬ್ಬರ ನಡುವೆ ನನ್ನ ತಲೆ ಚಿಟ್ಟು ಹಿಡಿಯಿತು. ಅಪ್ಪ ಚಹಾದ ಕಪ್ಪಿಗಾಗಿ ತಡಕಾಡುವುದನ್ನು ಕಂಡಾಗಲೆಲ್ಲ ಆ ಮೊಬೈಲನ್ನು ಧುಪದಾಳದ ಅಣೆಕಟ್ಟಿನ ನೀರಿಗೆ ಎಸೆಯಬೇಕೆನಿಸುತ್ತಿತ್ತು.

ವರ್ಷ ತುಂಬಿದ ಮೇಲೆ "ಇನ್ನ ಯಾರೂ ಇಲ್ರಿ" ಎಂದು ಅಪ್ಪಣೆಯಾಯಿತು. ಅಪ್ಪ ಜಳಕ ಮಾಡಿ, ವಿಭೂತಿ ಹಚ್ಚಿಕೊಂಡು ಚಿತ್ರದ ಮುಂದೆ ಕೂತರು. ಕುಂಚ ಅದ್ದಿದರು. ಮೊದಲ ಕಣ್ಣು ಬೀಗರದು. ಅದು ಗಲ್ಲದ ಮೇಲೆ ಬಿತ್ತು.

"ಸರಿಯಾಗಿ ಬಂತೇನೋ?" ಎಂದು ಕೇಳಿದರು. "ಬಂತ್ರಿ" ಎಂದೆ; ನನ್ನ ದನಿಯಲ್ಲೇ ಅವರಿಗೆ ತಿಳಿದುಹೋಯಿತು. ಅವರು ಕುಂಚ ನನ್ನ ಕೈಗಿಟ್ಟು ಹೊರಗೆ ಕಟ್ಟೆಯ ಮೇಲೆ ಹೋಗಿ ಕೂತರು. ಬೀಗರದೂ ಸೇರಿ ಎಲ್ಲರ ಕಣ್ಣುಗಳನ್ನು ನಾನೇ ಅಳುತ್ತ ತೆರೆದೆ.

ಚಿತ್ರ ನೋಡಿ ದೊರೆಗಳಿಗೆ ಖುಷಿಯೋ ಖುಷಿ. "ಭಾಳ ಛಲೋ ಆಗೇತ್ರಿ. ಬೀಗರ ಗಲ್ಲದ ಮ್ಯಾಲ ಏನೋ ಕರಿ ಚುಕ್ಕಿ ಬಿದ್ದೈತಿ, ಅದೊಂದು ಅಳಿಸಿಬಿಡ್ರಿ."

ವರ್ಷವಿಡೀ ಅವರು ಹೇಳಿದ್ದಕ್ಕೆಲ್ಲ ಹೂಂಗುಟ್ಟಿದವನು ನಾನು.

"ಆಗೂದಿಲ್ರಿ" ಎಂದೆ. "ಅದು ನಮ್ಮಪ್ಪ ತೆರೆದ ಕಣ್ಣು. ಅಳಸಾಕ ಬರೂದಿಲ್ಲ."