ಬಾಣಂತಿಗೆಂದು ಸಾಕಿದ ಕೋಳಿ

ಗುರುಪುರದ ಮಗ್ಗುಲಿನ ಆ ಊರಿನಲ್ಲಿ ಮನುಷ್ಯರಿಗೆ ಕಾಯಿಲೆಯಾದರೆ ಗಾಡಿ ಕಟ್ಟಿಕೊಂಡು ಹುಣಸೂರಿಗೆ ಹೋಗುತ್ತಿದ್ದರು, ದನಕ್ಕೆ ಕಾಲುಬಾಯಿ ಬಂದರೆ ಮಾರಮ್ಮನಿಗೆ ಹರಕೆ ಹೊರುತ್ತಿದ್ದರು, ಕೋಳಿಗೆ ಏನೇ ಬರಲಿ, ಕೆಂಪಾಜಮ್ಮನ ಜಗುಲಿಗೆ ಬರುತ್ತಿದ್ದರು. ನಾಯಿ ಕಚ್ಚಿ ಬಿಟ್ಟ ಕೋಳಿ, ಹುಂಜ ತುಳಿದು ಬೆನ್ನು ತರಚಿದ ಕೋಳಿ, ಹೇನು ಹತ್ತಿ ಸೊರಗಿದ ಕೋಳಿ, ಎಲ್ಲಕ್ಕೂ ಅವಳ ಮಡಿಲೇ ಆಸ್ಪತ್ರೆ. ಕಾಲು ಚಾಚಿ ಕೂತು, ತೊಡೆಯ ಮೇಲೆ ಕೋಳಿ ಮಲಗಿಸಿ, ಅದರ ಮುಖಕ್ಕೆ ಸೆರಗು ಮುಚ್ಚಿದಳೆಂದರೆ ಎಂಥ ಪುಂಡ ಹುಂಜವೂ ತೆಪ್ಪಗಾಗುತ್ತಿತ್ತು.

ಗಾಯವನ್ನು ಉಪ್ಪುನೀರಿನಲ್ಲಿ ತೊಳೆಯುತ್ತಿದ್ದಳು. ಹುಳ ಬಿದ್ದಿದ್ದರೆ ಸೀತಾಫಲದ ಎಲೆಯ ರಸ ಹಿಂಡಿ, ಅವು ಮೇಲೆದ್ದಾಗ ಒಂದೊಂದನ್ನೇ ಕಡ್ಡಿಯಿಂದ ತೆಗೆದು, ಅರಿಸಿನ ಕಲಸಿದ ಬೇವಿನೆಣ್ಣೆ ಹಚ್ಚುತ್ತಿದ್ದಳು. ಹೇನಿಗೆ ಮಾತ್ರ ಹೊಗೆಸೊಪ್ಪು ನೆನೆಸಿದ ನೀರು. ಅದಕ್ಕೊಂದು ಕಟ್ಟುನಿಟ್ಟಿತ್ತು: ಚರ್ಮ ಒಡೆದ ಕಡೆ ಆ ನೀರಿನ ಒಂದು ಹನಿಯೂ ತಾಗಬಾರದು, ರಕ್ತಕ್ಕೆ ಸೇರಿದರೆ ವಿಷ. ಕೋಳಿ ತಂದ ಹೆಂಗಸರಿಗೆಲ್ಲ ಇದನ್ನು ಗದರಿಸಿ ಗದರಿಸಿ ಹೇಳುತ್ತಿದ್ದಳು. ಕೈಗುಣವಿದ್ದವರಿಗೆ ಬಾಯಿಯೂ ಸ್ವಲ್ಪ ಜೋರೇ ಇರುತ್ತದೆ, ಊರು ಅದನ್ನು ಸಹಿಸಿಕೊಂಡಿತ್ತು.

ಇಷ್ಟು ಕೋಳಿ ಕಂಡವಳ ಹಿತ್ತಿಲಿನಲ್ಲಿ ಇದ್ದದ್ದು ಒಂದೇ ಒಂದು, ಬೂದಿ ಬಣ್ಣದ ಮುದಿ ಹೇಂಟೆ. ಎಂಟು ವರ್ಷದ ಹಿಂದೆ ಮಗಳು ಸೋಮಮ್ಮ ಚೊಚ್ಚಲ ಹೆರಿಗೆಗೆಂದು ತವರಿಗೆ ಬಂದಾಗ, ತಾನು ಬಾಣಂತಿಯಾದ ಮೇಲೆ ಮೆಣಸಿನ ಸಾರು ಮಾಡಲು ಇದೇ ಆಗಲಿ ಎಂದು ತಾನೇ ಆರಿಸಿ, ರಾಗಿ ಹಾಕಿ ಬೆಳೆಸಿದ ಕೋಳಿ ಅದು. ಕೋಳಿಯನ್ನು ಕೇಳಿ ಯಾರೂ ಮಸಾಲೆ ಅರೆಯುವುದಿಲ್ಲ. ಸೋಮಮ್ಮ ಮಾತ್ರ ಕಾಳು ಚೆಲ್ಲುವಾಗಲೆಲ್ಲ ಅದರ ಒಪ್ಪಿಗೆ ಕೇಳಿ ನಗುತ್ತಿದ್ದಳು. ಮಗಳಿಗೆ ನೋವು ಬಂದಾಗ ಕೆಂಪಾಜಮ್ಮ ಸೂಲಗಿತ್ತಿಯನ್ನೂ ಕರೆಸಲಿಲ್ಲ, ಚೊಚ್ಚಲು ತಡವಾಗುತ್ತದೆ, ನನ್ನ ಕೈಗೆ ಗೊತ್ತಿದೆ ಎಂದಳು. ಎರಡು ದಿನ ಕಳೆದು ಗಾಡಿ ಕಟ್ಟಿದರು. ಲಕ್ಷ್ಮಣತೀರ್ಥ ಹೊಳೆಯ ಸದ್ದು ಕಿವಿಗೆ ಬೀಳುವ ಹೊತ್ತಿಗೆ ಗಾಡಿಯನ್ನು ಹಿಂದಕ್ಕೆ ತಿರುಗಿಸಬೇಕಾಯಿತು. ತಾಯಿಯನ್ನೂ ಹುಟ್ಟದ ಕೂಸನ್ನೂ ಒಟ್ಟಿಗೆ ಮಣ್ಣು ಮಾಡಿ ಬಂದಾಗ ಮಂಕರಿ ಬುಟ್ಟಿಯ ಕೆಳಗೆ ಆ ಕೋಳಿ ಕಾಳಿಗಾಗಿ ಕೂಗುತ್ತಿತ್ತು.

ಅದನ್ನು ಕೊಯ್ಯಲು ಕೆಂಪಾಜಮ್ಮನಿಗೆ ಮನಸ್ಸು ಬರಲಿಲ್ಲ, ಇನ್ನೊಬ್ಬರಿಗೆ ಕೊಡಲೂ ಆಗಲಿಲ್ಲ. ಈ ಒಂದು ಜೀವವನ್ನಾದರೂ ಅದರ ಆಯುಸ್ಸು ಮುಗಿಯುವವರೆಗೆ ನನ್ನ ಕೈ ಉಳಿಸಲಿ ಎಂದು ಅವಳು ಅಂದೇ ದೇವರಲ್ಲಿ ಕೇಳಿಕೊಂಡಿದ್ದಳು. ಮೊಟ್ಟೆ ನಿಂತು ವರ್ಷಗಳಾದವು. ಬರಡು ಕೋಳಿಗೆ ರಾಗಿ ದಂಡ ಎಂದು ಯಾರಾದರೂ ಅಂದರೆ, ನಿನ್ನ ಮನೆ ರಾಗಿಯಲ್ಲವಲ್ಲ ಎಂದು ಬಾಯಿ ಮುಚ್ಚಿಸುತ್ತಿದ್ದಳು.

ದೊಡ್ಡ ಮಹಾರಾಜರು ತೀರಿಕೊಂಡ ವರ್ಷದ ಹೊತ್ತಿಗೆ ಅವಳ ಎರಡು ಕಣ್ಣಿಗೂ ಪೊರೆ ಬಲಿತಿತ್ತು. ಯಾರಿಗೂ ಹೇಳಿರಲಿಲ್ಲ. ಬಂದವರನ್ನು ದನಿಯಿಂದ, ಸೊಪ್ಪನ್ನು ವಾಸನೆಯಿಂದ, ಗಾಯವನ್ನು ಬೆರಳ ತುದಿಯಿಂದ ತಿಳಿಯುತ್ತಿದ್ದಳು. ಯಾರಿಗೂ ಗೊತ್ತಾಗಿಲ್ಲ ಎಂದು ನಂಬಿದ್ದಳು. ತನಗೆ ಕಾಣದ್ದು ಬೇರೆಯವರಿಗೂ ಕಾಣುವುದಿಲ್ಲ ಎಂದುಕೊಳ್ಳುವುದು ಅವಳೊಬ್ಬಳ ತಪ್ಪೇನೂ ಅಲ್ಲ.

ದೀಪಾವಳಿ ಕಳೆದ ಮೇಲೆ ಮುದಿ ಹೇಂಟೆ ಮಂಕಾಯಿತು. ರೆಕ್ಕೆ ಇಳಿಬಿಟ್ಟು ಕೂರುತ್ತಿತ್ತು, ಮುಂದಿಟ್ಟ ಕಾಳನ್ನೂ ಕುಕ್ಕುತ್ತಿರಲಿಲ್ಲ. ಎತ್ತಿಕೊಂಡರೆ ಎದೆಯ ಮೂಳೆ ಕೈಗೆ ಚುಚ್ಚುತ್ತಿತ್ತು, ಮೊಣಕೈವರೆಗೂ ಹೇನು ಹರಿದಾಡುತ್ತಿತ್ತು. ಬಾಲದ ಬುಡದಲ್ಲಿ ಪಕ್ಕದ ಮನೆಯ ಹುಂಜ ಕುಕ್ಕಿದ ಗಾಯ ಕೈಗೆ ಸಿಕ್ಕಿತು. ಅದನ್ನು ತೊಳೆದು, ಹರಳೆಣ್ಣೆ ದಪ್ಪಗೆ ಮೆತ್ತಿ, ಮೇಲೆ ಬಟ್ಟೆ ಸುತ್ತಿದಳು. ಆಮೇಲೆ ಹೊಗೆಸೊಪ್ಪಿನ ನೀರನ್ನು ಉಗುರು ಬೆಚ್ಚಗೆ ಮಾಡಿಕೊಂಡು ಬಿಸಿಲಿಗೆ ಕೂತಳು.

ವಾರಗಿತ್ತಿ ಚಿಕ್ಕಬಸಮ್ಮ ಬೇಲಿಯಾಚೆ ಅವರೆಕಾಯಿ ಬಿಡಿಸುತ್ತಿದ್ದಳು. ಮೈದುನನ ಹೆಂಡತಿಯಾದರೂ ಒಡಹುಟ್ಟಿದ ತಂಗಿಯಂತೆ ಇದ್ದವಳು. ನಾನೊಂದು ಸಲ ನೋಡಲಾ ಅಕ್ಕಯ್ಯ ಎಂದು ಅಲ್ಲಿಂದಲೇ ಕೇಳಿದಳು.

“ನನ್ ಕೋಳಿ ಮೈ ನನ್ ಕೈಗೆ ಗೊತ್ತಿಲ್ವೇನಮ್ಮಿ? ಬುಡು,” ಎಂದಳು ಕೆಂಪಾಜಮ್ಮ.

ಚಿಕ್ಕಬಸಮ್ಮ ಮತ್ತೆ ಅವರೆಕಾಯಿಗೆ ಕೈ ಹಾಕಿದಳು.

ಎಡ ರೆಕ್ಕೆ ಎತ್ತಿದಾಗ ಪುಕ್ಕದ ನಡುವೆ ಏನೋ ಗಟ್ಟಿಯಾಗಿ ಅಂಟಿದ್ದು ಬೆರಳಿಗೆ ಸಿಕ್ಕಿತು. ಕೆಸರು ಮೆತ್ತಿ ಒಣಗಿದೆ ಎಂದುಕೊಂಡಳು. ಹೇನೆಲ್ಲ ಅದರಡಿ ಅಡಗಿರುತ್ತದೆ ಎಂದು ಉಗುರಿನಿಂದ ಕೆರೆದು ಕಿತ್ತಳು. ಕೋಳಿ ಒಮ್ಮೆ ಕೊಸರಾಡಿತು. ಆಯ್ತು ಕಣವ್ವ, ಆಯ್ತು ಎಂದು ರಮಿಸುತ್ತ ಅಲ್ಲಿಗೇ ಎರಡು ಬೊಗಸೆ ನೀರು ಹೊಯ್ದು ತಿಕ್ಕಿದಳು. ಕೈಗೆ ಬೆಚ್ಚಗೆ ತಾಗಿತು. ನೀರೇ ಬೆಚ್ಚಗಿತ್ತಲ್ಲ, ಅವಳಿಗೆ ಅನುಮಾನ ಬರಲಿಲ್ಲ.

ಸ್ವಲ್ಪ ಹೊತ್ತಿಗೆ ಕೋಳಿಯ ಕಾಲು ಅದುರತೊಡಗಿತು. ಚಳಿ ಎಂದುಕೊಂಡು ಸೆರಗಿನಲ್ಲಿ ಸುತ್ತಿ ಎದೆಗೊತ್ತಿಕೊಂಡಳು. ಕತ್ತು ಹಿಂದಕ್ಕೆ ತಿರುಚಿಕೊಂಡಿತು. ರೆಕ್ಕೆ ನಾಲ್ಕಾರು ಸಲ ಬಡಿದುಕೊಂಡು ನಿಂತಿತು. ಆ ಸದ್ದಿಗೆ ಚಿಕ್ಕಬಸಮ್ಮ ಓಡಿ ಬಂದು ನೋಡಿದಳು. ಅಕ್ಕಯ್ಯನ ಸೀರೆ, ಅಂಗೈ, ಮಡಿಲು ಎಲ್ಲ ಕೆಂಪಾಗಿತ್ತು. ಕೋಳಿಯ ಎಡ ರೆಕ್ಕೆಯಡಿ ಹಕ್ಕಳೆ ಕಿತ್ತುಬಂದ ಹಳೆಯ ಗಾಯ ಬಾಯಿ ತೆರೆದಿತ್ತು.

“ಎಲ್ಲಾದ್ರೂ ಗಾಯ ಇತ್ತೇನೇ?” ಎಂದು ಕೆಂಪಾಜಮ್ಮ ಕೇಳಿದಳು.

ವಯಸ್ಸಾಗಿತ್ತು, ಹೋಯಿತು ಎಂದು ಚಿಕ್ಕಬಸಮ್ಮ ತೇಲಿಸಲು ನೋಡಿದಳು. ಅಷ್ಟರಲ್ಲಿ ಕೆಂಪಾಜಮ್ಮ ಒದ್ದೆ ಬೆರಳನ್ನು ಮೂಗಿಗೆ ಹಿಡಿದಿದ್ದಳು. ಹೊಗೆಸೊಪ್ಪಿನ ಘಾಟಿನ ಜೊತೆ ರಕ್ತದ ವಾಸನೆಯೂ ಇತ್ತು.

“ನಂಗೆ ಕಣ್ ಕಾಣಾಕಿಲ್ಲ ಕಣಮ್ಮಿ,” ಎಂದಳು. ಆ ಮಾತು ಅವಳ ಬಾಯಿಂದ ಬಂದದ್ದು ಅದೇ ಮೊದಲು.

“ಗೊತ್ತು ಅಕ್ಕಯ್ಯ. ಎಲ್ಡು ವರ್ಸದಿಂದ ಊರಿಗೆಲ್ಲ ಗೊತ್ತು.”

ಕೆಂಪಾಜಮ್ಮ ದನಿ ಬಂದ ಕಡೆಗೆ ಮುಖ ತಿರುಗಿಸಿದಳು. ಹಾಗಾದರೆ ಎಲ್ಲರೂ ಕೋಳಿ ಯಾಕೆ ತರುತ್ತಿದ್ದಿರಿ ಎಂದು ಕೇಳಿದಳು.

ಚಿಕ್ಕಬಸಮ್ಮ ಅವಳ ಪಕ್ಕದಲ್ಲೇ ನೆಲಕ್ಕೆ ಕುಸಿದು ಕೂತಳು. “ಸೋಮಿ ಸತ್ತೋದ್ಮ್ಯಾಲೆ ನೀನು ಜೀವ ಇಡ್ಕಂಡಿದ್ದೇ ಆ ಕೋಳಿಗಳಿಂದ. ಅದ್ನೂ ನಿನ್ ಕೈಯಿಂದ ಯಾರು ಕಿತ್ಕತಾರೆ? ನಿನ್ ತಾವು ತೋರಿಸ್ಕಂಡು, ಮನೆಗೋಗಿ ನಾವು ಇನ್ನೊಂದ್ಸಲ ನೋಡ್ಕತಿದ್ದೊ. ಬುಟ್ಟೋಗಿರೋ ಗಾಯಕ್ಕೆ ಅರಿಸ್ನ ಅಚ್ಚತಿದ್ದೊ.”

ಊರಿಗೆ ಊರೇ ಒಬ್ಬ ಮುದುಕಿಯ ಮನಸ್ಸು ಕಾಯಲು ಇಷ್ಟು ಪಾಡು ಪಟ್ಟಿತ್ತು. ಹೇಳಿಬಿಟ್ಟಿದ್ದರೆ ಒಂದು ದಿನದ ಅಳುವಿಗೆ ಮುಗಿಯುತ್ತಿತ್ತೇನೋ. ಆದರೆ ಯಾರನ್ನು ಬೈಯುವುದು? ಬೈಯಬೇಕೆಂದರೆ ಕರುಣೆಯನ್ನೇ ಬೈಯಬೇಕು.

ಕೆಂಪಾಜಮ್ಮ ಬಹಳ ಹೊತ್ತು ಕೋಳಿಯ ಪುಕ್ಕ ನೇವರಿಸುತ್ತ ಕೂತಿದ್ದಳು. ಕಣ್ಣಿನಿಂದ ನೀರು ಇಳಿಯುತ್ತಲೇ ಇತ್ತು, ಒರೆಸಿಕೊಳ್ಳಲಿಲ್ಲ.

“ಎಲ್ಲಾರ್ ಕೋಳೀಗೂ ಇನ್ನೊಂದ್ಸಲ ನೋಡೋರಿದ್ರು,” ಎಂದಳು ಕೊನೆಗೆ. “ಇದ್ಕೆ ನಾನೊಬ್ಬಳೇ ಇದ್ದೆ. ಸೋಮೀಗೂ ಅಷ್ಟೇಯ.”

ಇಬ್ಬರೂ ಸೇರಿ ಹಿತ್ತಿಲಿನ ಬೇವಿನ ಮರದಡಿ ಗುಂಡಿ ತೆಗೆದು ಕೋಳಿಯನ್ನು ಹೂತರು.

ಆಮೇಲೆ ಕೆಂಪಾಜಮ್ಮ ಐದು ವರ್ಷ ಬದುಕಿದಳು. ಹೆಂಗಸರು ಕೋಳಿ ತರುವುದನ್ನು ನಿಲ್ಲಿಸಲಿಲ್ಲ. ಕೂರಿಸಿ ಎಲ್ಲ ಕೇಳುತ್ತಿದ್ದಳು, ಯಾವ ಸೊಪ್ಪು, ಎಷ್ಟು ಎಣ್ಣೆ, ಎಲ್ಲಿ ನೀರು ತಾಗಬಾರದು ಎಂದು ಬಾಯಲ್ಲಿ ಹೇಳಿ ಅವರಿಂದಲೇ ಮಾಡಿಸುತ್ತಿದ್ದಳು. ಗದರುವುದು ಬಿಟ್ಟುಹೋಗಿತ್ತು. ಕೋಳಿ ನೋವಿಗೆ ಕೂಗಿದರೆ ಅವಳ ಕೈ ತಾನಾಗಿ ಮುಂದಕ್ಕೆ ಚಾಚಿಕೊಳ್ಳುತ್ತಿತ್ತು. ತಕ್ಷಣ ಹಿಂದಕ್ಕೆ ಎಳೆದುಕೊಂಡು, ಎರಡು ಕೈಯನ್ನೂ ಸೆರಗಿನಲ್ಲಿ ಸುತ್ತಿ ಮಡಿಲಲ್ಲಿ ಇಟ್ಟುಕೊಳ್ಳುತ್ತಿದ್ದಳು.