ಅಕ್ಕ ಆರಿಸಿಟ್ಟ ಮೀನು

ನಮ್ಮ ಮೀನು ಸಂಶೋಧನಾ ಕಚೇರಿಯಲ್ಲಿ ನನ್ನ ಪಕ್ಕದ ಮೇಜಿನವನಿಗೆ ಅಡಿಪಟ್ಟಿ ಎಂದೇ ಅಡ್ಡಹೆಸರು. ಮೀನಿನ ಉದ್ದ ಅಳೆಯುವುದು ಅವನ ಕೆಲಸ. ಮನುಷ್ಯರು ಮಲಗಿದ್ದರೂ ಮೂತಿಯಿಂದ ಬಾಲದವರೆಗೆ ಅಳೆದುಬಿಡುತ್ತಾನೆ ಎಂದು ನಾವು ರೇಗಿಸುತ್ತಿದ್ದೆವು. ಅವನು ತರುವ ಅಳತೆ ಹಿಡಿದು ಕಡಲಲ್ಲಿ ಎಷ್ಟು ಮೀನು ಉಳಿದಿದೆ ಎಂದು ಲೆಕ್ಕ ಹಾಕುವವಳು ನಾನು. ಬೋಟುಗಳು ವರ್ಷಕ್ಕೆ ಎಷ್ಟು ಹಿಡಿಯಬಹುದು ಎಂಬುದು ಆ ಲೆಕ್ಕದ ಮೇಲೆ ನಿರ್ಧಾರವಾಗುತ್ತಿತ್ತು.

ಬೋಟುಗಳು ಮೀನು ಇಳಿಸುವ ಧಕ್ಕೆಯಲ್ಲಿ ಅವನ ಅಕ್ಕನದೇ ಯಜಮಾನಿಕೆ. ಬಂದ ಮೀನೆಲ್ಲ ಅವಳ ಕೈಯಲ್ಲೇ ವಿಂಗಡಣೆಯಾಗಬೇಕು. ತಾಯಿ ಇಲ್ಲದ ತಮ್ಮನನ್ನು ಸಾಕಿ ಓದಿಸಿದವಳು ಅವಳು. ಅವಳದೂ ಒಂದು ಬೋಟಿತ್ತು. ಸಂಸಾರ ನಡೆಯುತ್ತಿದ್ದುದು ಅದರಿಂದಲೇ.

ಅಳೆಯುವ ಮೀನನ್ನು ರಾಶಿಯಿಂದ ಕೈಗೆ ಸಿಕ್ಕಂತೆ ಎತ್ತಿಕೊಳ್ಳಬೇಕು, ಆರಿಸಬಾರದು. ಇದು ನಮ್ಮ ಕೆಲಸದ ಮೊದಲ ಪಾಠ. ಆದರೆ ಅಡಿಪಟ್ಟಿ ಧಕ್ಕೆಗೆ ಹೋಗುವಷ್ಟರಲ್ಲಿ ಅಕ್ಕ ಒಂದು ಟ್ರೇ ತುಂಬಿಸಿ ಇಟ್ಟಿರುತ್ತಿದ್ದಳು. ಸಿಕ್ಕಿದ್ದನ್ನು ಬಾಚಿ ಹಾಕಿರುತ್ತಾಳೆ ಎಂದುಕೊಂಡ. ಹನ್ನೊಂದು ವರ್ಷ ಹಾಗೇ ಅಂದುಕೊಂಡ. ನಾನೂ ಹನ್ನೊಂದು ವರ್ಷ 'ಮೀನು ಚೆನ್ನಾಗಿ ಬೆಳೆಯುತ್ತಿದೆ' ಎಂದು ವರದಿ ಬರೆದೆ. ಬೋಟುಗಳು ಮೀನು ಹುಡುಕುತ್ತ ದೂರ ದೂರ ಹೋಗತೊಡಗಿದಾಗ ಹವಾಮಾನದ ಮೇಲೆ ಹಾಕಿ ಕೈ ತೊಳೆದುಕೊಂಡೆವು. ಬುದ್ಧಿವಂತರು ನಾವು!

ಕಳೆದ ವರ್ಷ ಅಕ್ಕ ಜ್ವರ ಬಂದು ಹತ್ತು ದಿನ ಮಲಗಿದಳು. ಆ ಹತ್ತು ದಿನ ಅವನೇ ರಾಶಿಗೆ ಕೈ ಹಾಕಿದ. ಮೊಟ್ಟೆಯಿಡುವ ವಯಸ್ಸಿನ ದೊಡ್ಡ ಮೀನು ನೂರಕ್ಕೆ ನಾಲ್ಕೂ ಇರಲಿಲ್ಲ. ಅಳತೆಯ ಹಲಗೆ ಕೆಟ್ಟಿದೆ ಎಂದು ಬೇರೆ ಹಲಗೆ ತರಿಸಿದ. ಅದೂ ಅಷ್ಟೇ ಹೇಳಿತು. ಆಮೇಲೆ ನನ್ನನ್ನೂ ಕರೆದುಕೊಂಡು ಅಕ್ಕನ ಮನೆಗೆ ಹೋದ.

"ಅಕ್ಕ, ನನ್ನ ಟ್ರೇಗೆ ದೊಡ್ಡದನ್ನೇ ಆರಿಸಿ ಹಾಕ್ತಿದ್ಯಾ?"

"ಮತ್ತೆ? ಆಫೀಸರ್ ಆದವನ ಮುಂದೆ ಪುಡಿ ಮೀನು ಇಡೋಕಾಗುತ್ತೇನೋ? ನಾಲ್ಕು ಜನ ನೋಡಿದ್ರೆ ನಿನ್ನ ಮಾನ ಏನಾಗ್ಬೇಕು?"

ಆ ಟ್ರೇಯಿಂದಲೇ ನಮ್ಮ ಲೆಕ್ಕವೆಲ್ಲ ತಪ್ಪಿತೆಂದು ಅವನು ಅವಳಿಗೆ ತಿಳಿಸಲಿಲ್ಲ. ಗಂಜಿ ಕುಡಿದೆಯಾ, ಮಾತ್ರೆ ತಗೊಂಡೆಯಾ ಎಂದು ವಿಚಾರಿಸಿ ಎದ್ದ. ದಾರಿಯಲ್ಲಿ ನಾನು, "ಬೇಜಾರಾಯ್ತಾ?" ಎಂದೆ. "ಏನೂ ಆಗ್ತಿಲ್ಲ. ಅದೇ ಗೊತ್ತಾಗ್ತಿಲ್ಲ," ಎಂದ. ನಿಜಕ್ಕೂ ಅವನ ಮುಖದಲ್ಲಿ ಏನೂ ಇರಲಿಲ್ಲ. ನಾನು ಮಾತ್ರ ಹನ್ನೊಂದು ವರ್ಷದ ವರದಿಗಳನ್ನು ಮನಸ್ಸಿನಲ್ಲೇ ಎಣಿಸುತ್ತಿದ್ದೆ.

ಸುಮ್ಮನಿದ್ದರೆ ಇನ್ನೆರಡು ವರ್ಷಕ್ಕೆ ಮೀನಿನ ಸಂತತಿಯೇ ಅಳಿಯುತ್ತಿತ್ತು. ಮೇಲಧಿಕಾರಿಗಳಿಗೆ ಹೇಳಿದರೆ ಅಕ್ಕನ ಬೋಟೂ ಸೇರಿ ಎಲ್ಲವೂ ನಿಲ್ಲುತ್ತಿದ್ದವು. ಅವನು ಹೇಳಿದ. ವರದಿಯಲ್ಲಿ ತಪ್ಪು ಹೇಗಾಯಿತು ಎಂಬಲ್ಲಿ, 'ಮಾದರಿಯನ್ನು ನಾನೇ ಸರಿಯಾಗಿ ಆಯ್ದುಕೊಳ್ಳಲಿಲ್ಲ' ಎಂದು ಒಂದೇ ಸಾಲು ಬರೆದ. ಅಕ್ಕನ ಸುದ್ದಿ ಎತ್ತಲಿಲ್ಲ. ನಾಲ್ಕು ವರ್ಷ ಮೀನು ಹಿಡಿಯುವಂತಿಲ್ಲ ಎಂದು ಆದೇಶ ಬಂತು.

ಅದನ್ನು ಧಕ್ಕೆಯಲ್ಲಿ ಓದಿ ಹೇಳುವ ಕೆಲಸವೂ ಅವನ ತಲೆಗೇ ಬಂತು. ಬಸ್ಸಿನ ವೇಳಾಪಟ್ಟಿ ಓದುವವನಂತೆ ಓದಿದ. ಜನ ಬಾಯಿಗೆ ಬಂದಂತೆ ಬೈದರು. ಅಕ್ಕ ಗುಂಪನ್ನು ಸರಿಸಿಕೊಂಡು ಮುಂದೆ ಬಂದಳು. ಜ್ವರದಿಂದ ಎದ್ದ ಮೈ ಇನ್ನೂ ಸೊರಗಿತ್ತು.

"ಹನ್ನೊಂದು ವರ್ಷ ದಿನಾ ಬಂದು ಅದೇನೋ ಅಳೆದೆ ನೀನು? ಕಣ್ಣು ಎಲ್ಲಿತ್ತು?"

ನಾನು ಬಾಯಿ ತೆರೆದೆ. ಅವನು ನನ್ನ ಕಾಲು ತುಳಿದ. ಬಲವಾಗಿಯೇ ತುಳಿದ.

"ಸರಿಯಾಗಿ ನೋಡ್ಲಿಲ್ಲ ಅಕ್ಕ."

"ನಮ್ಮ ಹೊಟ್ಟೆ ಮೇಲೆ ಹೊಡೆಯೋಕೆ ನಿನ್ನನ್ನ ಓದಿಸಿದ್ನಾ? ಇನ್ಮೇಲೆ ಮನೆ ಕಡೆ ತಲೆ ಹಾಕ್ಬೇಡ."

"ಆಯ್ತು," ಎಂದು ಅವನು ಆದೇಶದ ಇನ್ನೊಂದು ಪ್ರತಿಯನ್ನು ಗೋಡೆಗೆ ಅಂಟಿಸತೊಡಗಿದ.