ಕೆಂಪು ಹಳದಿ ಬಾವುಟಗಳ ನಡುವೆ

ಕೆನಡಾದ ವಿಟ್ಬಿಯ ನಮ್ಮ ಮನೆಯಿಂದ ಕೆರೆಗೆ ಕಾರಲ್ಲಿ ಸ್ವಲ್ಪ ಹೊತ್ತಿನ ದಾರಿ. ಕೆರೆ ಎಂದು ನಾವು ಹೇಳುವುದಷ್ಟೇ, ಅದು ಆಚೆ ದಡ ಕಾಣದ ಒಂಟಾರಿಯೋ ಸರೋವರ. ಮಗಳು ಚಿಕ್ಕವಳಿದ್ದಾಗ ಬೇಸಿಗೆಯ ಭಾನುವಾರಗಳೆಲ್ಲ ಅಲ್ಲೇ ಕಳೆಯುತ್ತಿದ್ದವು. ಬರ್ಲಿಂಗ್ಟನ್, ಜಾರ್ಜ್‌ಟೌನ್ ಕಡೆಯಿಂದಲೂ ನಮ್ಮವರು ಬರುತ್ತಿದ್ದರು. ಒಬ್ಬರ ಮನೆಯಿಂದ ಚಿತ್ರಾನ್ನ, ಇನ್ನೊಬ್ಬರ ಮನೆಯಿಂದ ಕೋಳಿ ಸುಕ್ಕ, ನಮ್ಮ ಮನೆಯಿಂದ ಗೋಳಿಬಜೆ. ತಣ್ಣಗಾದರೆ ರಬ್ಬರಿನ ಹಾಗಾಗುತ್ತದೆಂದು ನನ್ನ ಹೆಂಡತಿ ಅದನ್ನು ಫಾಯಿಲಿನಲ್ಲಿ ಸುತ್ತಿ, ಮೇಲೆ ಟವೆಲು ಸುತ್ತಿ, ದಾರಿಯುದ್ದಕ್ಕೂ ಹಸುಗೂಸಿನ ಹಾಗೆ ಮಡಿಲಲ್ಲಿಟ್ಟುಕೊಂಡಿರುತ್ತಿದ್ದಳು.

ಉಳಿದ ಹೆಂಗಸರು ಸೀರೆಯನ್ನೋ ಚೂಡಿದಾರವನ್ನೋ ಮೇಲೆತ್ತಿ ಮಕ್ಕಳ ಜೊತೆ ನೀರಿಗಿಳಿಯುತ್ತಿದ್ದರು. ಇವಳು ಮಾತ್ರ ಪಾರ್ಕಿಂಗಿನ ಪಕ್ಕದ ಮರದ ಕೆಳಗೆ ಕೂತು ಕಲ್ಲಂಗಡಿ ಕೊಯ್ಯುತ್ತಿದ್ದಳು.

"ಬನ್ನಿ ಅಕ್ಕ, ಇವತ್ತು ನೀರು ಬೆಚ್ಚಗುಂಟು," ಎಂದು ಯಾರಾದರೂ ಕರೆದರೆ, "ನನಗೆ ಶೀತ ಮಾರಾಯ್ತಿ," ಎನ್ನುತ್ತಿದ್ದಳು.

ಆಗ ನಾನು ಬಾಯಿ ಹಾಕುತ್ತಿದ್ದೆ. "ಶೀತವೂ ಇಲ್ಲ, ಎಂತದ್ದೂ ಇಲ್ಲ. ಅವಳಿಗೆ ನಾಚಿಕೆ. ಇಂಗ್ಲೆಂಡಿನಲ್ಲಿ ಎಂತ ಆಯ್ತು ಗೊತ್ತುಂಟಾ?" ಎಂದು ಶುರುಮಾಡಿ ಆ ಕಥೆ ಹೇಳುತ್ತಿದ್ದೆ. ಎಲ್ಲರೂ ನಗುತ್ತಿದ್ದರು. ಅವಳೂ ನಗುತ್ತಲೇ ಎಲ್ಲರಿಗೂ ಗೋಳಿಬಜೆ ಹಂಚುತ್ತಿದ್ದಳು. ಬೆಳೆದ ಮೇಲೆ ಮಗಳೂ ಆ ಕಥೆ ಹೇಳತೊಡಗಿದಳು, ಇಂಗ್ಲಿಷಿನಲ್ಲಿ, ನನಗಿಂತ ಚೆನ್ನಾಗಿ. ನಮ್ಮ ಮನೆಯಲ್ಲಿ ಅದಕ್ಕೆ 'ಅಮ್ಮನ ಸೀರೆ ಕಥೆ' ಎಂದೇ ಹೆಸರು.

ಆ ಕಥೆ ಸುಳ್ಳು. ಅದನ್ನು ಒಪ್ಪಿಕೊಳ್ಳಲಿಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಾನು ಓದಿದ್ದು ಹೈಸ್ಕೂಲಿನವರೆಗೆ. ಕೆಲಸ ಕಾರ್ಖಾನೆಯಲ್ಲಿ, ಶಿಫ್ಟಲ್ಲಿ. ಆ ಭಾನುವಾರಗಳ ಗುಂಪಿನಲ್ಲಿ ಹೆಚ್ಚಿನವರು ಡಾಕ್ಟರುಗಳು, ಇಂಜಿನಿಯರುಗಳು. ಅವರ ನಡುವೆ ನನ್ನದೆಂದು ಹೇಳಿಕೊಳ್ಳಲು ಒಂದೇ ಸಂಗತಿ ಇತ್ತು: ನಾನು ಕರಾವಳಿಯವನು, ಸಮುದ್ರ ಗೊತ್ತಿದ್ದವನು. ನಿಜ ಹೇಳಬೇಕೆಂದರೆ ನಮ್ಮ ಮನೆ ಇದ್ದದ್ದು ಕಾರ್ಕಳದ ಕಡೆ, ಘಟ್ಟದ ಬುಡದಲ್ಲಿ. ವರ್ಷಕ್ಕೊಮ್ಮೆ ಎಳ್ಳಮಾವಾಸ್ಯೆಗೆ ಲಾರಿಯಲ್ಲಿ ಹೋಗಿ, ದೊಡ್ಡವರ ಕೈ ಹಿಡಿದು ಮೂರು ಸಲ ಮುಳುಗಿ ಬರುತ್ತಿದ್ದೆವು. ನನಗೆ ಗೊತ್ತಿದ್ದ ಸಮುದ್ರ ಅಷ್ಟೇ. ಸಮುದ್ರದ ಮಗಳು ನನ್ನ ಹೆಂಡತಿ. ಕಾಪುವಿನ ಹತ್ತಿರ ಅವಳ ತವರಿನ ಅಂಗಳ ಮುಗಿದಲ್ಲಿ ಹೊಯ್ಗೆ ಶುರು, ಕಡಲ ಮರಳು. ಮದುವೆಯಾದ ಹೊಸತರಲ್ಲಿ ಅಲ್ಲಿಗೆ ಹೋದಾಗ, ಅವಳು ಸೀರೆ ಎತ್ತಿ ಸಿಕ್ಕಿಸಿಕೊಂಡು, ಸೊಂಟಕ್ಕೆ ಬುಟ್ಟಿ ಇಟ್ಟು, ನೀರು ಇಳಿದ ಜಾಗದಲ್ಲಿ ಸಾರಿಗೆಂದು ಮರುವಾಯಿ ಚಿಪ್ಪು ಹೆಕ್ಕುವುದನ್ನು ನೋಡಿದ್ದೇನೆ. ಅಲೆ ಬಂದು ಮೊಣಕಾಲಿಗೆ ಹೊಡೆದರೆ ಅಲೆಯನ್ನೇ ಬೈಯುತ್ತಿದ್ದಳು. ಆ ದನಿ ಇವತ್ತಿಗೂ ನನ್ನ ಕಿವಿಯಲ್ಲಿದೆ.

ಮಗಳಿಗೆ ಆರು ವರ್ಷವಿದ್ದಾಗ ಊರಿಗೆ ಹೋಗುವ ದಾರಿಯಲ್ಲಿ ಇಂಗ್ಲೆಂಡಿನಲ್ಲಿ ಒಂದು ವಾರ ಇಳಿದೆವು. ಹೆಂಡತಿಯ ಅಣ್ಣ, ನನ್ನ ಭಾವ, ಅಲ್ಲಿ ಆಸ್ಪತ್ರೆಯಲ್ಲಿ ಕೆಲಸ ಮಾಡುತ್ತಿದ್ದರು. ಒಂದು ದಿನ ಕಾರಿನಲ್ಲಿ ಕಾರ್ನ್‌ವಾಲ್ ಕಡಲತೀರಕ್ಕೆ ಕರೆದುಕೊಂಡು ಹೋದರು.

"ಭಾವ, ಇಲ್ಲಿ ಹತ್ತಾರು ಬೀಚುಗಳುಂಟು," ಎಂದರು ದಾರಿಯಲ್ಲಿ. "ಚಂದ ನೋಡಿ ಹೋಗಬಾರದು. ಲೈಫ್‌ಗಾರ್ಡ್ ಇರುವ ಕಡೆಗೇ ಹೋಗಬೇಕು. ಕೆಂಪು ಹಳದಿ ಬಾವುಟ ಎರಡು ನೆಟ್ಟಿರ್ತಾರೆ. ಅದರ ನಡುವೆ ಇದ್ದರೆ ಆಯ್ತು, ಅವರು ಕಣ್ಣಿಟ್ಟು ಕಾಯ್ತಾರೆ."

ಪಾರ್ಕಿಂಗಿಗೆ ದೊಡ್ಡ ಸಾಲಿತ್ತು. ನೀವು ಇಳಿದು ನಡೆಯಿರಿ, ನಾನು ಊಟದ ಚೀಲ ಹಿಡಿದು ಬರುತ್ತೇನೆ ಎಂದು ಅವರು ಕಾರಲ್ಲೇ ಉಳಿದರು.

ಬಾವುಟಗಳ ನಡುವೆ ಜನವೋ ಜನ. ಎಲ್ಲರೂ ಈಜುಡುಗೆಯಲ್ಲಿ. ನನ್ನ ಹೆಂಡತಿ ನೀಲಿ ವಾಯಿಲ್ ಸೀರೆ ಉಟ್ಟಿದ್ದಳು. ನೀರು ಕಂಡದ್ದೇ ತಡ, ಅವಳಿಗೆ ತವರು ನೆನಪಾಗಿರಬೇಕು. ಚಪ್ಪಲಿ ಬಿಟ್ಟು, ನೆರಿಗೆ ಎತ್ತಿ ಸಿಕ್ಕಿಸಿ, ಮಗಳ ಕೈ ಹಿಡಿದು ಓಡಿದಳು. ಅಲೆ ಬಂದು ಕಾಲಿಗೆ ಹೊಡೆಯಿತು. ತಣ್ಣೀರಿಗೆ ಕಿರುಚಿ, ಹಳೆಯ ಹಾಗೆಯೇ ತುಳುವಿನಲ್ಲಿ ಅಲೆಗೆ ಬೈದಳು, ತೀರದ ಈ ತುದಿಯಿಂದ ಆ ತುದಿಗೆ ಕೇಳುವಷ್ಟು ಗಟ್ಟಿಯಾಗಿ. ಹತ್ತಿರ ಚಾಪೆ ಹಾಸಿ ಮಲಗಿದ್ದ ಇಬ್ಬರು ಗಂಡಸರು ತಲೆಯೆತ್ತಿ ನೋಡಿದರು. ಒಬ್ಬ ಏನೋ ಹೇಳಿದ, ಇನ್ನೊಬ್ಬ ನಕ್ಕ. ಇವಳನ್ನು ನೋಡಿಯೇ ನಕ್ಕನೋ, ಅವರದೇ ಏನೋ ಮಾತಿಗೋ, ನನಗೆ ಇವತ್ತಿಗೂ ಗೊತ್ತಿಲ್ಲ. ನನ್ನ ಮುಖ ಮಾತ್ರ ಉರಿಯಿತು.

"ಬಾ, ಆಚೆ ಹೋಗುವ," ಎಂದೆ.

"ಯಾಕೆ? ಇಲ್ಲೇ ಚಂದ ಉಂಟಲ್ಲ. ಅಣ್ಣ ಇಲ್ಲೇ ಇರ್ಲಿಕ್ಕೆ ಹೇಳಿದ್ದು."

"ಇಷ್ಟು ಜನರ ಎದುರು ಸೀರೆ ಒದ್ದೆ ಮಾಡಿಕೊಂಡು ನಿನಗೇ ನಾಚಿಕೆ ಆಗ್ತದೆ. ನಿನಗೋಸ್ಕರವೇ ಹೇಳ್ತಾ ಇರುವುದು."

ಅವಳು ತನ್ನ ಸೀರೆಯನ್ನು ಒಮ್ಮೆ ನೋಡಿಕೊಂಡಳು. ಆಮೇಲೆ ಚಪ್ಪಲಿ ಎತ್ತಿಕೊಂಡು ಹಿಂದೆ ಬಂದಳು.

ಬಂಡೆಗಳ ಆಚೆ ಜನರಿರಲಿಲ್ಲ. ಎರಡೂ ಪಕ್ಕದಲ್ಲಿ ಅಲೆ ಒಡೆಯುತ್ತಿದ್ದರೂ ನಡುವೆ ಒಂದು ಓಣಿಯಷ್ಟು ಜಾಗದಲ್ಲಿ ಅಲೆಯೇ ಇರಲಿಲ್ಲ, ನೀರು ಎಣ್ಣೆಯ ಹಾಗೆ ನಯವಾಗಿತ್ತು.

"ಅಲ್ಲಿ ಯಾಕೆ ಅಲೆ ಇಲ್ಲ ಮಾರಾಯ್ರೆ?" ಎಂದಳು.

"ಅಲೆ ಇಲ್ಲದಿದ್ದರೆ ಮಗುವಿಗೆ ಒಳ್ಳೆಯದಲ್ವಾ? ನನಗೆ ಸಮುದ್ರ ಗೊತ್ತಿಲ್ವಾ?" ಎಂದೆ, ಕಾಪುವಿನ ಹೆಣ್ಣಿಗೆ, ಕಾರ್ಕಳದ ನಾನು.

ಮಗಳನ್ನು ಗಾಳಿ ತುಂಬಿದ ರಿಂಗಿನಲ್ಲಿ ಕೂರಿಸಿ ಸೊಂಟದವರೆಗೆ ನಡೆದೆ. ಕಾಲಡಿಯ ಹೊಯ್ಗೆ ಹೊಳೆಯ ಹಾಗೆ ಕಡಲಿನ ಕಡೆಗೆ ಹರಿಯುತ್ತಿತ್ತು; ಅಲೆಯಿಲ್ಲದ ಆ ಓಣಿಯೇ ನೀರಿನ ಸೆಳೆತದ ದಾರಿಯಾಗಿತ್ತು. ಅದು ತಿಳಿಯುವಷ್ಟರಲ್ಲಿ ನನ್ನ ಕಾಲು ನೆಲದಲ್ಲಿರಲಿಲ್ಲ. ರಿಂಗಿನ ಹಗ್ಗ ಕೈಯಲ್ಲಿತ್ತು, ಈಜು ಬರುತ್ತಿರಲಿಲ್ಲ. ಮಗಳು ಮೊದಲು ನಕ್ಕಳು, ಆಟವೆಂದು. ಆಮೇಲೆ ನನ್ನ ಮುಖ ನೋಡಿ ಅಳಲು ಶುರುಮಾಡಿದಳು. ದಡದಲ್ಲಿ ನೀಲಿ ಸೀರೆ ಬಂಡೆಗಳ ಮೇಲೆ ಬಾವುಟಗಳ ಕಡೆಗೆ ಓಡುವುದು ಕಾಣುತ್ತಿತ್ತು. ನಮ್ಮನ್ನು ಉಳಿಸಿದ್ದು ಆ ಓಟ ಮತ್ತು ಅವಳ ಆ ಗಟ್ಟಿ ದನಿ.

ಲೈಫ್‌ಗಾರ್ಡ್ ಹುಡುಗಿ ಹಲಗೆಯ ಮೇಲೆ ಮಲಗಿ ಕೈಯಿಂದ ನೀರು ತಳ್ಳುತ್ತ ಬಂದಳು. ಇಬ್ಬರನ್ನೂ ಹಲಗೆಗೆ ಹತ್ತಿಸಿ, ದಡಕ್ಕೆ ನೇರವಾಗಿ ಬಾರದೆ ಪಕ್ಕಕ್ಕೆ ಹೋಗಿ, ಅಲೆ ಒಡೆಯುವಲ್ಲಿಂದ ಒಳಗೆ ತಂದಳು. ನಾನು ಉಪ್ಪುನೀರು ಕಕ್ಕುತ್ತಿರುವಾಗ ಸಿಟ್ಟಿಲ್ಲದೆ ಕೇಳಿದಳು: ಬಾವುಟ ಬಿಟ್ಟು ಇಲ್ಲಿಗೆ ಯಾಕೆ ಬಂದಿರಿ?

ನಾನು ಹೆಂಡತಿಯ ಕಡೆ ಕೈ ತೋರಿಸಿದೆ. ನನ್ನ ಆಗಿನ ಇಂಗ್ಲಿಷಿನಲ್ಲಿ ಎರಡೇ ಮಾತು ಹೇಳಿದೆ: ಮೈ ವೈಫ್, ಶೈ.

ಹುಡುಗಿ ಅವಳತ್ತ ತಿರುಗಿ ಕನಿಕರದಿಂದ ತಲೆಯಾಡಿಸಿದಳು. ಆ ಕನಿಕರ ಅವಳಿಗೆ ಸಲ್ಲಬೇಕಾದದ್ದಲ್ಲ. ಸಂಜೆ ಕಾರಿನಲ್ಲಿ ಭಾವ ಬೈದದ್ದೂ ಅವಳನ್ನೇ. "ನಿನ್ನ ನಾಚಿಕೆಗೆ ಮಗು ಹೋಗ್ತಿತ್ತಲ್ಲ ಮಾರಾಯ್ತಿ!" ಅವಳು ಮಗಳ ತಲೆ ಒರೆಸುತ್ತ ಕಿಟಕಿಯ ಕಡೆ ನೋಡುತ್ತಿದ್ದಳು. ನಾನು ಬಾಯಿಬಿಡಲಿಲ್ಲ. ಕೆನಡಾಕ್ಕೆ ಮರಳಿದ ಮೇಲೆ ಬಿಟ್ಟೆ, ತಮಾಷೆಯ ಕಥೆಯಾಗಿ.

ಭಾವ ಈಗಿಲ್ಲ. ಈ ಬೇಸಿಗೆಯಲ್ಲಿ ಅವರ ಮಗಳ ಮದುವೆಗೆ ನಾವೆಲ್ಲ ಇಂಗ್ಲೆಂಡಿಗೆ ಹೋಗುವುದೆಂದಾಯಿತು. ನನ್ನ ಮಗಳಿಗೆ ಈಗ ಅವಳದೇ ಮಗಳಿದ್ದಾಳೆ. ಒಂದು ದಿನವಾದರೂ ಬೀಚಿಗೆ ಹೋಗಬೇಕೆಂದು ಮೊಮ್ಮಗಳ ಹಟ. ವಸಂತದ ಒಂದು ಮಧ್ಯಾಹ್ನ ಮಗಳು ನಮ್ಮ ಅಡುಗೆಮನೆಯಲ್ಲಿ ಫೋನು ಹಿಡಿದು ಕೂತಿದ್ದಳು.

"ಇದು ಪ್ರೆಟಿ, ಆದರೆ ಲೈಫ್‌ಗಾರ್ಡ್ ಇಲ್ಲ. ಔಟ್. ಇದರಲ್ಲಿ ವೀಕೆಂಡ್ ಮಾತ್ರ, ಔಟ್. ಇದು ಓಕೆ ಅಪ್ಪಾ, ಇಡೀ ಬೇಸಿಗೆ ಇದ್ದಾರೆ, ಆದರೆ ಟೈಡ್ ಟೈಮ್ ನೋಡಬೇಕು. ಗಾಳಿ ಕಡಲಿನ ಕಡೆ ಬೀಸುವಾಗ ಆರೆಂಜ್ ವಿಂಡ್‌ಸಾಕ್, ಗಾಳಿಚೀಲ, ಹಾರಿಸ್ತಾರೆ. ಆಗ ರಿಂಗು ಗಿಂಗು ನೀರಿಗೆ ತರಬಾರದಂತೆ." ನನ್ನ ಕಡೆ ನೋಡಿ ಕಣ್ಣು ಹೊಡೆದಳು. "ರಿಂಗಿನ ವಿಷಯ ನಿಮಗೆ ಹೇಳಬೇಕಾಗಿಲ್ಲ. ಅಮ್ಮಾ, ಈ ಸಲ ಸೀರೆ ಬೇಡ, ಓಕೆ? ಲೆಗ್ಗಿಂಗ್ಸ್ ಕೊಡಿಸ್ತೇನೆ."

ಹೆಂಡತಿ ಒಲೆಯ ಮುಂದೆ ನೀರುದೋಸೆ ಎಬ್ಬಿಸುತ್ತಿದ್ದಳು. ತಿರುಗದೆಯೇ ಹೇಳಿದಳು. "ನೀವು ಹೋಗಿ ಬನ್ನಿ. ಅವತ್ತು ನಾನು ಮನೆಯಲ್ಲೇ ಇರ್ತೇನೆ. ಒಮ್ಮೆ ನನ್ನಿಂದ ಆದದ್ದು ಸಾಕು."

"ಅಜ್ಜಿ, ಯು ಹ್ಯಾವ್ ಟು ಕಮ್!" ಎಂದು ಮೊಮ್ಮಗಳು ಸೆರಗು ಎಳೆದಳು.

ನನ್ನಿಂದ ಆದದ್ದು. ನಮ್ಮ ಮನೆಯಲ್ಲಿ ನಾವು ಮಾತಾಡುವುದು ತುಳುವಿನಲ್ಲಿ, ಇಲ್ಲಿ ಕನ್ನಡದಲ್ಲಿ ಬರೆದಿದ್ದೇನೆ. ಯಾವ ಭಾಷೆಯಲ್ಲಾದರೂ ಆ ಮಾತು ಅಷ್ಟೇ ಭಾರ. ಇಷ್ಟು ವರ್ಷ ನಾನು ಅದನ್ನು ತಮಾಷೆ ಎಂದುಕೊಂಡಿದ್ದೆ. ಅವಳು ನಿಜವೆಂದು ನಂಬಿದ್ದಳು. ಅದಕ್ಕೇ ಆ ಮರದ ಕೆಳಗೆ, ಆ ಕಲ್ಲಂಗಡಿಯ ಮುಂದೆ ಕೂತಿದ್ದಳು. ಈಗಲೂ ನಾನು ಸುಮ್ಮನಿದ್ದರೆ ಅವಳು ಇನ್ನು ಯಾವತ್ತೂ ಸಮುದ್ರಕ್ಕೆ ಇಳಿಯಲಾರಳು. ನಮಗೆ ಉಳಿದ ಬೇಸಿಗೆಗಳು ಹೆಚ್ಚಿಲ್ಲ.

"ನಿನ್ನಿಂದ ಆದದ್ದಲ್ಲ," ಎಂದೆ. "ನಾಚಿಕೆ ನಿನಗಿರಲಿಲ್ಲ, ನನಗೆ ಇದ್ದದ್ದು. ಆ ಜನರ ಎದುರು ನೀನು ಸೀರೆ ಎತ್ತಿಕೊಂಡು ಕೂಗಿದ್ದು ನೋಡಿ ನನಗೇ ಮರ್ಯಾದೆ ಹೋದ ಹಾಗಾಯ್ತು. ನಿನಗೋಸ್ಕರ ಅಂತ ಹೇಳಿದ್ದು ಸುಳ್ಳು. ಆ ಹುಡುಗಿಗೆ ಹೇಳಿದ್ದೂ ಸುಳ್ಳು."

ಮಗಳು ಫೋನನ್ನು ಮೇಜಿನ ಮೇಲೆ ಕವುಚಿ ಇಟ್ಟಳು. "ಅಪ್ಪಾ, ಈ ಕಥೆ ನಾನು ನನ್ನ ವೆಡ್ಡಿಂಗ್‌ನಲ್ಲಿ ಕೂಡ ಹೇಳಿದ್ದೇನೆ," ಎಂದಳು. ಅವಳ ದನಿಯಲ್ಲಿ ನಗೆ ಇರಲಿಲ್ಲ.

ಕಾವಲಿಯ ಮೇಲಿದ್ದ ದೋಸೆ ಕರಟಿತು. ಹೆಂಡತಿ ಅದನ್ನು ಎಬ್ಬಿಸಿ ನನ್ನ ತಟ್ಟೆಗೆ ಹಾಕಿದಳು. ನಾನು ತಿಂದೆ.

ಹಲವು ದಿನ ಅವಳು ನನ್ನ ಜೊತೆ ಅಗತ್ಯವಿದ್ದಷ್ಟೇ ಮಾತಾಡಿದಳು. ಕ್ಷಮಿಸಿದೆ ಎನ್ನಲಿಲ್ಲ. ಅದನ್ನು ಕೇಳುವ ಧೈರ್ಯ ನನಗೂ ಬರಲಿಲ್ಲ. ಒಂದು ದಿನ ಮಗಳು ಫೋನು ಮಾಡಿದಾಗ ನನಗೆ ಕೇಳುವ ಹಾಗೆಯೇ ಅವಳಿಗೆ ಹೇಳಿದಳು. "ಬೀಚಿಗೆ ಹೋಗುವ ಕಾರಲ್ಲಿ ನನಗೆ ಮುಂದಿನ ಸೀಟು ಇಡು. ನಿನ್ನ ಅಪ್ಪ ಹಿಂದೆ ಕೂರ್ಲಿ, ಚೀಲದ ಜೊತೆ. ಮತ್ತೆ ಲೆಗ್ಗಿಂಗ್ಸ್ ಬೇಡ."

ಜುಲೈಯಲ್ಲಿ ಹೋದೆವು. ಅದೇ ಬೀಚಲ್ಲ, ಮಗಳು ಆರಿಸಿದ್ದು. ಬಾವುಟ ಮಾತ್ರ ಅದೇ ಕೆಂಪು, ಅದೇ ಹಳದಿ. ಹೆಂಡತಿ ಮೊದಲು ನೇರವಾಗಿ ಲೈಫ್‌ಗಾರ್ಡ್ ಹತ್ತಿರ ನಡೆದು, ಸೀರೆ ತೋರಿಸಿ, ಶಾಲೆಯ ಕ್ಯಾಂಟೀನಿನಲ್ಲಿ ದುಡಿದು ಕಲಿತ ಇಂಗ್ಲಿಷಿನಲ್ಲಿ, ಇದನ್ನುಟ್ಟು ನೀರಿಗಿಳಿಯಬಹುದಾ ಎಂದು ತಾನೇ ಕೇಳಿದಳು. ಉದ್ದ ಬಟ್ಟೆ ನೀರು ಕುಡಿದು ಭಾರವಾಗುತ್ತದೆ, ಮೊಣಕಾಲಿನ ಆಚೆ ಹೋಗಬೇಡಿ, ನಾನು ನೋಡುತ್ತಿರುತ್ತೇನೆ ಎಂದ ಆ ಹುಡುಗ.

"ಹಿಡ್ಕೊಳ್ಳಿ," ಎಂದು ಚಪ್ಪಲಿ ಬಿಚ್ಚಿ ನನ್ನ ಕೈಗೆ ಕೊಟ್ಟಳು. ನೆರಿಗೆ ಎತ್ತಿ ಸಿಕ್ಕಿಸಿದಳು. ಮೊಮ್ಮಗಳ ಕೈ ಹಿಡಿದು ನೀರಿಗಿಳಿದಳು. ನನ್ನನ್ನು ಕರೆಯಲಿಲ್ಲ. ಪಾದ ಮುಳುಗುವಷ್ಟು ನೀರಿನಲ್ಲಿ ನಾನು ಚಪ್ಪಲಿ ಹಿಡಿದು ನಿಂತೆ. ಅಲೆ ಬಂದು ಅವಳ ಮೊಣಕಾಲಿಗೆ ಹೊಡೆಯಿತು. ಅವಳು ಅದಕ್ಕೆ ಬೈದಳು. ಆ ದನಿ ಈಗ ಸ್ವಲ್ಪ ಒಡೆದಿದೆ.

ನಾನು ಸುತ್ತಲೂ ನೋಡಿದೆ. ಯಾರೂ ನೋಡುತ್ತಿರಲಿಲ್ಲ. ಆ ಲೈಫ್‌ಗಾರ್ಡ್ ಹುಡುಗ ಒಬ್ಬನೇ ನೋಡುತ್ತಿದ್ದ, ಅದು ಅವನ ಕೆಲಸ.

ಅವಳು ಬಗ್ಗಿ ಹೊಯ್ಗೆಯೊಳಗೆ ಕೈ ಹಾಕಿ ಏನೋ ತಡಕಿದಳು. ಆಮೇಲೆ ನೆಟ್ಟಗೆ ನಿಂತು, ಅಷ್ಟು ದೂರದಿಂದ ತುಳುವಿನಲ್ಲಿ ಕೂಗಿದಳು. "ಇವರೇ! ಇಲ್ಲಿ ಮರುವಾಯಿ ಸಿಗ್ತದಾ ಅಂತ ಕೇಳಿ ಆ ಹುಡುಗನ ಹತ್ರ!"

ಈಗ ಜನ ತಿರುಗಿ ನೋಡಿದರು.

ನಾನು ಚಪ್ಪಲಿ ಹಿಡಿದ ಕೈ ಮೇಲೆತ್ತಿ, ನನ್ನ ಗಂಟಲಿಗೆ ಆಗುವಷ್ಟು ಗಟ್ಟಿಯಾಗಿ ತುಳುವಿನಲ್ಲೇ ಕೂಗಿ ಹೇಳಿದೆ. "ಕೇಳ್ತೇನೆ! ನೀನು ಮೊಣಕಾಲಿನಿಂದ ಆಚೆ ಹೋಗಬೇಡ!"